ವೈನ್ ಕಟ್ಟಡದಲ್ಲಿ ಒಲೆ ಹಚ್ಚುವುದೆಂದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ನಾಪಾ ಕಣಿವೆಯ ಸೇಂಟ್ ಹೆಲೀನಾ ಊರಲ್ಲಿ, ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಮೂರಂತಸ್ತಿನ ಕಲ್ಲಿನ ಕಟ್ಟಡವೊಂದಿದೆ. ಹೆಸರು ಗ್ರೇಸ್ಟೋನ್. 1889ರಲ್ಲಿ ಕಟ್ಟಿ ಮುಗಿಸಿದ್ದು ವೈನ್ ತಯಾರಿಸಲು. 1995ರಿಂದ ಅಲ್ಲಿ ನಡೆಯುತ್ತಿರುವುದು ಅಡುಗೆ ಶಾಲೆ. ವೈನಿಗೆ ಬೇಕಾದದ್ದು ತಂಪು, ಕತ್ತಲು, ನಿಂತ ಗಾಳಿ. ಅಡುಗೆಮನೆಯಲ್ಲಿ ಇರುವುದು ಬೆಂಕಿ, ಹಬೆ, ಜಿಡ್ಡು. ಒಂದಕ್ಕೆ ಕಟ್ಟಿದ ಗೋಡೆಯೊಳಗೆ ಇನ್ನೊಂದನ್ನು ಹೊಂದಿಸುವುದು ಬಣ್ಣ ಬಳಿದು ಬೋರ್ಡು ಹಾಕಿದಷ್ಟು ಸುಲಭವಲ್ಲ.

ಚಿನ್ನದ ಗಣಿಯ ಒಡೆಯ ವಿಲಿಯಂ ಬೌವರ್ಸ್ ಬೋರ್ನ್ ಇದನ್ನು ಕಟ್ಟಿಸಿದವರಲ್ಲಿ ಮುಖ್ಯ. ಸಣ್ಣ ಬೆಳೆಗಾರರಿಗೆ ವೈನನ್ನು ವರ್ಷಗಟ್ಟಲೆ ಹಳತು ಮಾಡಿ ಇಡಲು ಜಾಗವಿರಲಿಲ್ಲ. ಆ ಜಾಗ ಒದಗಿಸುವುದೇ ಅವರ ವ್ಯಾಪಾರ. ಕಟ್ಟಡದ ರಚನೆಯೇ ಒಂದು ಯಂತ್ರ. ಹಿಂದೆ ಗುಡ್ಡ ಇರುವುದರಿಂದ ದ್ರಾಕ್ಷಿಯನ್ನು ಮೇಲಂತಸ್ತಿಗೆ ತರುವುದು ಸುಲಭ. ಅಲ್ಲಿ ಹಣ್ಣು ಜಜ್ಜಿದರೆ ರಸ ತಾನಾಗಿ ಕೆಳಗಿಳಿದು ಹುದುಗುವ ತೊಟ್ಟಿ ಸೇರುತ್ತದೆ, ಹುದುಗಿದ್ದು ಮತ್ತೂ ಕೆಳಗಿನ ಪೀಪಾಯಿಗೆ. ಪಂಪು ಬೇಡ. ಪಂಪು ಹೊಡೆದರೆ ಬೀಜ ಒಡೆದು ಕಹಿ ಬಿಡುತ್ತದೆ, ಬೇಡದ ಗಾಳಿಯೂ ಸೇರುತ್ತದೆ. ಹಿಂದಿನ ಗುಡ್ಡದಲ್ಲಿ ಕೊರೆದ ಸುರಂಗಗಳು ಬೇಸಿಗೆಯಲ್ಲೂ ತಂಪು.

ಆದರೆ ಫಿಲಾಕ್ಸೆರಾ ಎಂಬ ಬೇರುಹೇನು ನಾಪಾದ ಬಳ್ಳಿಗಳನ್ನು ಒಣಗಿಸಿತು, ಕಟ್ಟಡ ಕೈಯಿಂದ ಕೈಗೆ ಹೋಯಿತು. ಕ್ರಿಶ್ಚಿಯನ್ ಬ್ರದರ್ಸ್ ಎಂಬ ಕ್ಯಾಥೋಲಿಕ್ ಸಂಘದವರು 1950ರಿಂದ 1989ರವರೆಗೆ ಒಡೆಯರಾಗಿದ್ದರು. ಆಮೇಲೆ ಕೊಂಡದ್ದು ಕಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ. 1946ರಲ್ಲಿ ಯುದ್ಧದಿಂದ ಮರಳಿದ ಸೈನಿಕರಿಗೆ ಅಡುಗೆಯ ಕಸುಬು ಕಲಿಸಲು ಹುಟ್ಟಿದ ಸಂಸ್ಥೆ.

ಕಲಿಕೆಯ ಅಡುಗೆಮನೆ ಇರುವುದು ಮೂರನೇ ಅಂತಸ್ತಿನಲ್ಲಿ. ಇಂಥ ಯಾವ ಹಳೆಯ ಕಟ್ಟಡದಲ್ಲೂ ಮೊದಲ ತಲೆನೋವು ಗಾಳಿ. ಒಲೆಯ ಮೇಲಿನ ಹುಡ್ ಎಷ್ಟು ಗಾಳಿ ಎಳೆಯುತ್ತದೋ ಹೆಚ್ಚುಕಡಿಮೆ ಅಷ್ಟೇ ಹೊಸ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಹೊರಗೆ ತೆರೆಯುವ ಬಾಗಿಲು ಎಳೆದುಕೊಂಡು ಕೂರುತ್ತದೆ, ಒಲೆಯ ಜ್ವಾಲೆ ವಾಲುತ್ತದೆ, ಹೊಗೆ ಹುಡ್‌ನ ಅಂಚಿನಿಂದ ಹೊರಚೆಲ್ಲುತ್ತದೆ. ಇನ್ನೊಂದು, ಭೂಕಂಪ. ಕಲ್ಲು ಮೇಲಿನ ಭಾರ ಹೊರುತ್ತದೆ, ಅಡ್ಡಲಾಗಿ ಎಳೆದರೆ ಬಿಟ್ಟುಕೊಡುತ್ತದೆ. ಅದಕ್ಕೇ ಮಹಡಿಯ ನೆಲವನ್ನು ಉಕ್ಕಿನಿಂದ ಗೋಡೆಗೆ ಬಿಗಿಯುತ್ತಾರೆ. 2014ರ ಆಗಸ್ಟ್ 24ರಂದು 6.0 ತೀವ್ರತೆಯ ಕಂಪನ ನಾಪಾವನ್ನು ಅಲುಗಿಸಿದಾಗ ಗ್ರೇಸ್ಟೋನ್‌ಗೂ ಪೆಟ್ಟು ಬಿತ್ತು.

ಇನ್ನು ಪಾಠ. ಇಂಥ ಶಾಲೆಗಳಲ್ಲಿ ಮೊದಲು ಕಲಿಸುವುದು ತರಕಾರಿ ಹೆಚ್ಚುವುದು: 6 ಮಿಲಿಮೀಟರಿನ ಸಣ್ಣ ಚೌಕ, ಬ್ರುನ್ವಾ ಎಂಬ 3 ಮಿಲಿಮೀಟರಿನ ಇನ್ನೂ ಸಣ್ಣ ಚೌಕ. ಚಂದಕ್ಕಲ್ಲ, ತುಂಡು ಸಮನಾಗಿರದಿದ್ದರೆ ಕೆಲವು ಕರಗುತ್ತವೆ, ಕೆಲವು ಹಸಿಯಾಗಿ ಉಳಿಯುತ್ತವೆ. ಅದರ ಬೆನ್ನಿಗೇ ಸ್ಟಾಕ್, ಅಂದರೆ ಮೂಳೆ ಅಥವಾ ತರಕಾರಿಯನ್ನು ನೀರಲ್ಲಿ ಬೇಯಿಸಿ ಸೋಸಿ ತೆಗೆದ ಸಾರ. ನನ್ನ ಲೆಕ್ಕದಲ್ಲಿ ಅಡುಗೆ ಶಾಲೆಯ ನಿಜವಾದ ಪರೀಕ್ಷೆ ಅದೇ.

ಒಂದು ಕಿಲೋ ಕೋಳಿ ಮೂಳೆಗೆ ಸುಮಾರು ಒಂದೂವರೆ ಲೀಟರ್ ತಣ್ಣೀರು. ಬಿಸಿನೀರಲ್ಲಿ ಶುರುಮಾಡಿದರೆ ಪ್ರೋಟೀನು ಥಟ್ಟನೆ ಗಟ್ಟಿಯಾಗಿ ಸಣ್ಣಸಣ್ಣ ಕಣವಾಗಿ ನೀರಲ್ಲೇ ಉಳಿಯುತ್ತದೆ. ತಣ್ಣೀರಿಂದ ನಿಧಾನ ಕಾಯಿಸಿದರೆ ಕೆನೆಯಂತೆ ಮೇಲೆ ಬರುತ್ತದೆ, ಸೌಟಿನಿಂದ ತೆಗೆಯಬಹುದು. ಶಾಖ 82ರಿಂದ 85 ಡಿಗ್ರಿ ಸೆಲ್ಸಿಯಸ್, ಗುಳ್ಳೆ ಒಂದೊಂದಾಗಿ ಏಳುವಷ್ಟು. ಕೊತಕೊತ ಕುದಿಸಿದರೆ ಜಿಡ್ಡು ನೀರಿನೊಳಗೇ ಬೆರೆತು ಕದಡುತ್ತದೆ, ಆಮೇಲೆ ಎಷ್ಟು ಸೋಸಿದರೂ ತಿಳಿಯಾಗದು. ಹೀಗೆ ಮೂರು-ನಾಲ್ಕು ಗಂಟೆ. ಕೊನೆಯ ಒಂದು ಗಂಟೆಗೆ ಈರುಳ್ಳಿ 60 ಗ್ರಾಂ, ಕ್ಯಾರೆಟ್ ಮತ್ತು ಸೆಲರಿ ತಲಾ 30 ಗ್ರಾಂ, ಜತೆಗೆ ಪಲಾವ್ ಎಲೆಯ ಬದಲು ಬೇ ಎಲೆ, ಕಾಳುಮೆಣಸು. ತರಕಾರಿ ಮೊದಲೇ ಹಾಕಿದರೆ ಕರಗಿ ಸಪ್ಪೆಯಾಗುತ್ತದೆ. ಉಪ್ಪು ಮಾತ್ರ ಹಾಕಲೇಬಾರದು. ಮುಂದೆ ಇದನ್ನೇ ಬತ್ತಿಸಿ ಸಾಸ್ ಮಾಡುವಾಗ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ಬರೀ ತರಕಾರಿಯ ಸ್ಟಾಕ್ ಆದರೆ ಮುಕ್ಕಾಲು ಗಂಟೆ ಸಾಕು.

ಸೋಸಿದ ಮೇಲೆ ಕೆಲಸ ಮುಗಿಯಿತೆಂದು ಪಾತ್ರೆ ಮುಚ್ಚಿ ಫ್ರಿಜ್ಜಿಗಿಡುವವರೇ ಹೆಚ್ಚು. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಕುದಿಗೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಅಲ್ಲಿ ಮೊಳೆಯುತ್ತವೆ, ಪಕ್ಕದ ಹಾಲು-ಮೊಸರೂ ಬಿಸಿಯಾಗುತ್ತವೆ. ಅಮೆರಿಕದ ನಿಯಮ ಹೀಗಿದೆ: 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ. ದಾರಿ ಸರಳ. ಸ್ಟೀಲಿನ ಪಾತ್ರೆಗೆ ಬಗ್ಗಿಸಿ, ಸಿಂಕಿನಲ್ಲಿ ಮಂಜುಗಡ್ಡೆ ನೀರು ತುಂಬಿ ಅದರಲ್ಲಿಟ್ಟು ಆಗಾಗ ಕದಡುತ್ತಿರಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಅದು ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಹಾಕಿ, ದಿನಾಂಕ ಬರೆದು ಒಳಗಿಡಿ. ಮರುದಿನ ಮೇಲೆ ಹೆಪ್ಪುಗಟ್ಟಿದ ಜಿಡ್ಡನ್ನು ಚಮಚದಿಂದಲೇ ಎತ್ತಿ ತೆಗೆಯಬಹುದು.

ನಮಸ್ಕಾರ.