ಕಛ್ ರಣ್: ಯುದ್ಧ ನಡೆದರೂ ಉಳಿದ ಒಪ್ಪಂದ

ಕೇಳುಗ ಮಿತ್ರರೇ, ನಮಸ್ಕಾರ.

ಗುಜರಾತ್ ಮತ್ತು ಸಿಂಧ್ ನಡುವೆ ಇರುವ ಕಛ್ ರಣ್ ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ಒಣಗಿದ ಉಪ್ಪಿನ ಬಯಲು. ಅಲ್ಲಿ ಗಡಿ ಎಲ್ಲಿದೆ ಅನ್ನುವ ಜಗಳ ಬ್ರಿಟಿಷರ ಕಾಲದಿಂದಲೂ ಇತ್ತು. ರಣ್ ಒಂದು ಜಲಾಶಯದಂತೆ, ಗಡಿ ಅದರ ನಡುವೆ ಹೋಗಬೇಕು ಎಂದಿತು ಪಾಕಿಸ್ತಾನ. ಇಲ್ಲ, ಇದು ಜೌಗು ನೆಲ, ಗಡಿ ಇರುವುದು ರಣ್‌ನ ಉತ್ತರದ ಅಂಚಿನಲ್ಲಿ ಎಂದಿತು ಭಾರತ. ನಡುವೆ ಸಿಕ್ಕಿಬಿದ್ದದ್ದು ಸುಮಾರು 9,000 ಚದರ ಕಿಲೋಮೀಟರ್.

1965ರ ಏಪ್ರಿಲ್‌ನಲ್ಲಿ ಅಲ್ಲಿ ಗುಂಡು ಹಾರಿತು. ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ನಡುವೆ ಬಂದರು. ಜೂನ್ 30ರಂದು ಒಪ್ಪಂದವಾಯಿತು. ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಮೂವರ ನ್ಯಾಯಮಂಡಳಿ ತೀರ್ಮಾನಿಸಬೇಕು, ಮೂವರಲ್ಲಿ ಯಾರೂ ಭಾರತದವರೋ ಪಾಕಿಸ್ತಾನದವರೋ ಆಗಿರಬಾರದು, ತೀರ್ಪನ್ನು ಯಾರೂ ಪ್ರಶ್ನಿಸುವಂತಿಲ್ಲ. ಏನು ತೀರ್ಪು ಬರುತ್ತದೆ ಅಂತ ಗೊತ್ತಾಗುವ ಮೊದಲೇ ಕೊಟ್ಟ ಮಾತು ಇದು.

ಎರಡೇ ತಿಂಗಳಲ್ಲಿ ಕಾಶ್ಮೀರದ ವಿಚಾರಕ್ಕೆ ದೊಡ್ಡ ಯುದ್ಧವೇ ಶುರುವಾಯಿತು. ಒಪ್ಪಂದ ಹರಿದುಹಾಕಲು ಅದಕ್ಕಿಂತ ದೊಡ್ಡ ನೆಪ ಬೇಕಿತ್ತೇ? ಆದರೂ ಎರಡೂ ದೇಶಗಳು ಹಿಂದೆ ಸರಿಯಲಿಲ್ಲ. ನನಗೆ ಈ ಇಡೀ ಕತೆಯಲ್ಲಿ ತುಂಬಾ ಮೆಚ್ಚುಗೆಯಾಗುವುದು ಇದೇ.

ಭಾರತ ಯುಗೊಸ್ಲಾವಿಯದ ಅಲೆಸ್ ಬೆಬ್ಲರ್ ಅವರನ್ನು ಆರಿಸಿತು. ಪಾಕಿಸ್ತಾನ ಇರಾನ್‌ನ ನಸ್ರೊಲ್ಲಾ ಎಂತೆಜಾಮ್ ಅವರನ್ನು. ಅಧ್ಯಕ್ಷರಾಗಿ ಸ್ವೀಡನ್ನಿನ ನ್ಯಾಯಾಧೀಶ ಗುನ್ನಾರ್ ಲಾಗರ್‌ಗ್ರೆನ್ ಬಂದರು. ಅವರನ್ನು ಸೂಚಿಸಿದವರು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಊ ಥಾಂಟ್. ಜಿನೀವಾದಲ್ಲಿ ಹಳೆಯ ನಕ್ಷೆ, ಸರ್ವೆ ದಾಖಲೆ, ಬಾಂಬೆ ಸರ್ಕಾರದ ಪತ್ರ, ಎಲ್ಲವೂ ಮೇಜಿನ ಮೇಲೆ ಬಂದವು. ಯಾವ ಹುಲ್ಲುಗಾವಲಿನಲ್ಲಿ ಯಾರ ದನ ಮೇಯುತ್ತಿದ್ದವು, ಅಲ್ಲಿ ಯಾರ ಆಡಳಿತ ನಡೆಯುತ್ತಿತ್ತು ಅನ್ನುವವರೆಗೆ ವಾದ ಹೋಯಿತು.

1968ರ ಫೆಬ್ರವರಿ 19ರಂದು ತೀರ್ಪು ಬಂತು. ಸುಮಾರು 90 ಭಾಗ ಭಾರತಕ್ಕೆ, 10 ಭಾಗ ಪಾಕಿಸ್ತಾನಕ್ಕೆ. ಛಾಡ್ ಬೇಟ್, ಧಾರಾ ಬನ್ನಿಯ ಹುಲ್ಲುಗಾವಲು ಪಾಕಿಸ್ತಾನಕ್ಕೆ ಹೋದವು. ಪಾಕಿಸ್ತಾನದ ನಗರ ಪಾರ್ಕರ್ ಪಕ್ಕದಲ್ಲಿ ಆ ದೇಶದ ಒಳಕ್ಕೆ ಚಾಚಿದ ರಣ್‌ನ ಎರಡು ತುಂಡುಗಳೂ ಅಷ್ಟೇ. ಅವನ್ನು ಬೇರೆ ದೇಶದ ನೆಲವಾಗಿ ಬಿಟ್ಟರೆ ಮತ್ತೆ ಜಗಳಕ್ಕೆ ದಾರಿ ಎಂದರು ಅಧ್ಯಕ್ಷರು. ಬೆಬ್ಲರ್ ಒಪ್ಪಲಿಲ್ಲ, ಭಾರತದ ವಾದವೇ ಸರಿ ಎಂದು ಬೇರೆಯಾಗಿ ಬರೆದರು.

ಇಲ್ಲಿ ಜನ ಸಿಟ್ಟಾದರು. ಕಾನೂನು ಮಾತ್ರ ನೋಡಬೇಕಾದ ಮಂಡಳಿ ಶಾಂತಿಯ ಲೆಕ್ಕ ಹಾಕಿದ್ದೇಕೆ ಅನ್ನುವ ಪ್ರಶ್ನೆ ಸುಮ್ನೆ ಎದ್ದದ್ದಲ್ಲ, ಅದರಲ್ಲಿ ಹುರುಳಿತ್ತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಇದು ನೆಲ ಬಿಟ್ಟುಕೊಡುವುದಲ್ಲ, ಗಡಿ ಗುರುತಿಸುವುದಷ್ಟೇ, ಸಂವಿಧಾನ ತಿದ್ದಬೇಕಿಲ್ಲ ಎಂದು 1969ರಲ್ಲಿ ಕೋರ್ಟ್ ಹೇಳಿತು. ತೀರ್ಪಿನಂತೆ ಗಡಿಕಂಬಗಳು ನಿಂತವು. ಒಪ್ಪದ ತೀರ್ಪನ್ನೂ ಜಾರಿಗೆ ತಂದ ಆ ಗಟ್ಟಿತನ ನನಗೆ ಆ 10 ಭಾಗಕ್ಕಿಂತ ಜಾಸ್ತಿ ಬೆಲೆಯುಳ್ಳದ್ದು.

ಅದೇ ಲಾಗರ್‌ಗ್ರೆನ್ ಮುಂದೆ ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ತಾಬಾ ಎಂಬ ಗಡಿ ಜಾಗದ ವಿವಾದದ ಮಂಡಳಿಗೂ ಅಧ್ಯಕ್ಷರಾದರು. 1988ರಲ್ಲಿ ಆ ತೀರ್ಪು ಈಜಿಪ್ಟ್ ಕಡೆ ಬಂತು, ಮರುವರ್ಷ ಇಸ್ರೇಲ್ ಜಾಗ ಬಿಟ್ಟುಕೊಟ್ಟಿತು.

ಒಂದು ಜಾಗ ಮಾತ್ರ ಜಿನೀವಾದ ಮಂಡಳಿಯ ಕೈಗೆ ಹೋಗಲಿಲ್ಲ. ರಣ್‌ನ ಪಶ್ಚಿಮಕ್ಕಿರುವ, ಸಮುದ್ರದ ನೀರು ಒಳಹರಿಯುವ ಸರ್ ಕ್ರೀಕ್ ಎಂಬ ಕಿರುಕೊಲ್ಲಿ. ಆ ಗಡಿ ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಂದಾಚೆ ಸಮುದ್ರದಲ್ಲಿ ಎಳೆಯಬೇಕಾದ ಗೆರೆಯೂ ಇಲ್ಲ. ಮೀನು ಹುಡುಕುತ್ತಾ ಹೋದ ಗುಜರಾತಿನ ಮೀನುಗಾರರು ಪಾಕಿಸ್ತಾನದ ಜೈಲಿಗೆ, ಸಿಂಧ್‌ನವರು ನಮ್ಮ ಜೈಲಿಗೆ ಹೋಗುತ್ತಿದ್ದಾರೆ. ಅವರ ದೋಣಿಗಳೂ ಜಪ್ತಿಯಾಗುತ್ತವೆ.