ಚಿನ್ನದ ನಾಣ್ಯ: ತೂಕದ ಬೆಲೆ, ಮೈಯ ಬೆಲೆ

ಕೇಳುಗರಿಗೆ ನಮಸ್ಕಾರ.

ಕಲಬುರಗಿಯ ಸರಾಫ ಬಜಾರಿಗೆ ಹಳೆಯ ಚಿನ್ನದ ನಾಣ್ಯವೊಂದನ್ನು ಮಾರಲು ಒಯ್ದರೆ ಅಂಗಡಿಯವರು ಅದನ್ನು ತಕ್ಕಡಿಗಿಟ್ಟು ತೂಗುತ್ತಾರೆ, ಒರೆಗಲ್ಲಿಗೆ ತಿಕ್ಕಿಯೋ ಯಂತ್ರದಲ್ಲಿಟ್ಟೋ ಎಷ್ಟು ಕ್ಯಾರೆಟ್ ಎಂದು ನೋಡುತ್ತಾರೆ, ಆ ದಿನದ ದರದಿಂದ ಗುಣಿಸಿ ಒಂದು ಮೊತ್ತ ಹೇಳುತ್ತಾರೆ. ಬಳೆಗೆ, ಸರಕ್ಕೆ, ಉಂಗುರಕ್ಕೆ ಈ ಲೆಕ್ಕ ಸರಿ. ನಾಣ್ಯಕ್ಕೆ ಮಾತ್ರ ಇದು ಲೆಕ್ಕದ ಮೊದಲ ಭಾಗ. ಎರಡನೆಯ ಭಾಗ ನಾಣ್ಯದ ಮೈಮೇಲೆ ಇರುತ್ತದೆ. ಅದನ್ನು ಓದಬಲ್ಲವರು ಕಡಿಮೆ, ಓದದೆಯೇ ಕರಗಿಸಿಬಿಟ್ಟ ನಾಣ್ಯಗಳು ಬಹಳ. ರಾಷ್ಟ್ರಕೂಟರ ಮಾನ್ಯಖೇಟ, ಚಾಲುಕ್ಯರ ಕಲ್ಯಾಣ, ಬಹಮನಿ ಸುಲ್ತಾನರ ಕಲಬುರಗಿ ಮತ್ತು ಬೀದರ ಇಷ್ಟೂ ರಾಜಧಾನಿಗಳು ಅಕ್ಕಪಕ್ಕದಲ್ಲಿರುವ ಈ ನೆಲದಲ್ಲಿ, ಹಳೆಯ ಚಿನ್ನದ ನಾಣ್ಯಕ್ಕೆ ಬೆಲೆ ಹೇಗೆ ಕಟ್ಟುತ್ತಾರೆ, ಅದರ ದರ್ಜೆಯನ್ನು ಹೇಗೆ ಗೊತ್ತುಮಾಡುತ್ತಾರೆ ಎಂಬುದು ಸಂಗ್ರಹಕಾರರಿಗಷ್ಟೇ ಅಲ್ಲ, ದೇವರ ಪೆಟ್ಟಿಗೆಯಲ್ಲಿ ಒಂದು ಗಿನ್ನಿ ಇಟ್ಟುಕೊಂಡಿರುವ ಸಾಮಾನ್ಯ ಮನೆಯವರಿಗೂ ತಿಳಿದಿರಬೇಕು ಎಂದು ನಾನು ನಂಬಿದ್ದೇನೆ.

ಮೊದಲು ಲೋಹದ ಲೆಕ್ಕವನ್ನು ಮುಗಿಸೋಣ. ನಾವು ಗಿನ್ನಿ ಎಂದು ಕರೆಯುವ ಬ್ರಿಟಿಷ್ ಸಾವರಿನ್ ನಾಣ್ಯದ ತೂಕ 7.988 ಗ್ರಾಂ. ಅದು 22 ಕ್ಯಾರೆಟ್ ಆದ್ದರಿಂದ ಅದರಲ್ಲಿರುವ ಅಪ್ಪಟ ಚಿನ್ನ 7.32 ಗ್ರಾಂ. ಬ್ರಿಟಿಷ್ ಭಾರತದ ಚಿನ್ನದ ಮೊಹರು 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ ತೂಗುತ್ತದೆ. ಅಪ್ಪಟ ಚಿನ್ನ 10.69 ಗ್ರಾಂ. ಚಾರ್‌ಮಿನಾರಿನ ಚಿತ್ರವಿರುವ ಹೈದರಾಬಾದ್ ಸಂಸ್ಥಾನದ ಅಶ್ರಫಿ ಸುಮಾರು 11.18 ಗ್ರಾಂ ತೂಗುತ್ತದೆ. ಅದರಲ್ಲಿ ಶೇಕಡಾ 91ರಷ್ಟು ಚಿನ್ನವಿರುವುದರಿಂದ ಅಪ್ಪಟ ಚಿನ್ನ 10.17 ಗ್ರಾಂ ಆಗುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಅಪ್ಪಟ ಚಿನ್ನ ಗ್ರಾಮಿಗೆ 10,000 ರೂಪಾಯಿ ಎಂದು ಇಟ್ಟುಕೊಂಡರೆ ಗಿನ್ನಿಯೊಳಗಿನ ಚಿನ್ನಕ್ಕೆ 73,200, ಅಶ್ರಫಿಯ ಚಿನ್ನಕ್ಕೆ 1,01,700, ಮೊಹರಿನ ಚಿನ್ನಕ್ಕೆ 1,06,900 ರೂಪಾಯಿ. ಇದು ನಾಣ್ಯದ ತಳದ ಬೆಲೆ. ಪೇಟೆಯ ದರ ಏರಿದಂತೆ, ಇಳಿದಂತೆ ಈ ತಳವೂ ಏರಿಳಿಯುತ್ತದೆ. ಕೊಳ್ಳುವವರು ಗಮನಿಸಬೇಕಾದ ಒಂದು ಮಾತೆಂದರೆ, ನಾಣ್ಯದ ಪೂರ್ತಿ ತೂಕಕ್ಕೆ 24 ಕ್ಯಾರೆಟ್ ದರ ಹಾಕಿದರೆ ಅದರಲ್ಲಿ ಬೆರೆತ ತಾಮ್ರಕ್ಕೂ ಚಿನ್ನದ ಹಣ ಕೊಟ್ಟಂತಾಗುತ್ತದೆ.

ಈ ತಳದ ಮೇಲೆ ಎಷ್ಟು ಏರುತ್ತದೆ ಎಂಬುದನ್ನು ನಿರ್ಧರಿಸುವುದು ಆ ನಾಣ್ಯ ಎಷ್ಟು ಉಳಿದಿದೆ, ಎಷ್ಟು ಜನ ಅದನ್ನು ಬಯಸುತ್ತಾರೆ, ಅದು ಯಾವ ಸ್ಥಿತಿಯಲ್ಲಿದೆ ಎಂಬ ಸಂಗತಿಗಳು. ಲಕ್ಷಗಟ್ಟಲೆ ಉಳಿದಿರುವ ಸಾಧಾರಣ ಗಿನ್ನಿಗೆ ತಳದ ಬೆಲೆಗಿಂತ ಸ್ವಲ್ಪವೇ ಹೆಚ್ಚು ಸಿಗುತ್ತದೆ. ಅಪರೂಪದ ನಾಣ್ಯಕ್ಕಾದರೋ ಆ ದಿನದ ಚಿನ್ನದ ದರ ಏನಿತ್ತೆಂದು ಯಾರೂ ಕೇಳುವುದಿಲ್ಲ. ಈ ವ್ಯತ್ಯಾಸ ಒಂದೇ ಒಂದು ಅಕ್ಷರದಿಂದ ಹುಟ್ಟಬಹುದು. ಐದನೆಯ ಜಾರ್ಜ್ ದೊರೆಯ ಗಿನ್ನಿಯ ಹಿಂಬದಿಯಲ್ಲಿ ಸಂತ ಜಾರ್ಜ್ ಕುದುರೆಯೇರಿ ಡ್ರ್ಯಾಗನ್ನನ್ನು ಕೊಲ್ಲುವ ಚಿತ್ರವಿದೆ. ಅದರ ಕೆಳಗಿನ ನೆಲದ ಗೆರೆಯ ಮೇಲೆ, ಇಸವಿಯ ನಡುಭಾಗಕ್ಕೆ ನೇರವಾಗಿ, ಬಹಳ ಸಣ್ಣ ಅಕ್ಷರವೊಂದು ಇದ್ದರೂ ಇರಬಹುದು. ಎಸ್ ಇದ್ದರೆ ಸಿಡ್ನಿ, ಎಂ ಇದ್ದರೆ ಮೆಲ್ಬರ್ನ್, ಪಿ ಇದ್ದರೆ ಪರ್ತ್ ಟಂಕಸಾಲೆ. ಏನೂ ಇಲ್ಲದಿದ್ದರೆ ಲಂಡನ್. 1917ರಲ್ಲಿ ಆಸ್ಟ್ರೇಲಿಯಾದ ಟಂಕಸಾಲೆಗಳಲ್ಲಿ ತಯಾರಾದ ಗಿನ್ನಿಗಳು ಇಂದಿಗೂ ಹೇರಳವಾಗಿ ಸಿಗುತ್ತವೆ. ಅದೇ ವರ್ಷ ಲಂಡನ್ನಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಗಿನ್ನಿಗಳು ತಯಾರಾದರೂ ಅವುಗಳಲ್ಲಿ ಬಹುಪಾಲು ಯುದ್ಧಕಾಲದ ಪಾವತಿಗಾಗಿ ಅಮೆರಿಕಕ್ಕೆ ಹೋಗಿ ಕರಗಿಹೋದವೆಂದು ತಿಳಿಯಲಾಗಿದೆ. ಆದ್ದರಿಂದ ಅಕ್ಷರವಿಲ್ಲದ 1917ರ ಗಿನ್ನಿ ಈ ಸಾಲಿನ ಅತಿ ದುರ್ಲಭ ನಾಣ್ಯಗಳಲ್ಲಿ ಒಂದಾಗಿದೆ. ನಮಗೆ ಇನ್ನೂ ಹತ್ತಿರವಾದದ್ದು ಐ ಎಂಬ ಅಕ್ಷರ: 1918ರಲ್ಲಿ ಮುಂಬಯಿಯಲ್ಲಿ ಲಂಡನ್ ಟಂಕಸಾಲೆಯ ಶಾಖೆಯೊಂದು ತೆರೆದು, 1919ರಲ್ಲೇ ಮುಚ್ಚಿತು. ಅಲ್ಲಿ ತಯಾರಾದ ಗಿನ್ನಿಯ ಮೇಲೆ ಇರುವುದು 1918 ಎಂಬ ಒಂದೇ ಇಸವಿ. ಎಷ್ಟು ತಯಾರಾಯಿತು ಎನ್ನುವುದಕ್ಕಿಂತ ಎಷ್ಟು ಉಳಿಯಿತು ಎನ್ನುವುದು ಬೆಲೆಗೆ ಮುಖ್ಯ ಎಂಬ ಮಾತಿಗೆ 1917ರ ಲಂಡನ್ ಗಿನ್ನಿಗಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ನಮ್ಮ ನೆಲದ ನಾಣ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. 1347ರಲ್ಲಿ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಆರಂಭವಾದ ಬಹಮನಿ ರಾಜ್ಯದ ತಾಮ್ರದ ನಾಣ್ಯಗಳು ಬೇಕಾದಷ್ಟು ಸಿಗುತ್ತವೆ, ಟಂಕ ಎಂಬ ಬೆಳ್ಳಿಯ ನಾಣ್ಯ ಅದಕ್ಕಿಂತ ಕಡಿಮೆ, ಚಿನ್ನದ ಟಂಕ ಬಹಳ ಅಪರೂಪ. ಒಂದನೆಯ ಮುಹಮ್ಮದ್ ಶಾಹನ ಚಿನ್ನದ ನಾಣ್ಯಗಳನ್ನು ಸರಾಫರು ಕೈಗೆ ಸಿಕ್ಕಂತೆಲ್ಲ ಕರಗಿಸಿ ಹಾಕುತ್ತಿದ್ದರೆಂದೂ, ಜನ ವಿಜಯನಗರದ ಹೊನ್ನನ್ನೇ ನಚ್ಚುತ್ತಿದ್ದರೆಂದೂ, ಸುಲ್ತಾನ ಅದಕ್ಕೆ ಘೋರವಾದ ಶಿಕ್ಷೆ ಕೊಟ್ಟನೆಂದೂ ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಈ ಕಥನದ ಎಷ್ಟು ಭಾಗವನ್ನು ನಂಬಬೇಕೆಂಬುದು ಇತಿಹಾಸಜ್ಞರ ಚರ್ಚೆಗೆ ಸೇರಿದ್ದು. ಬಹಮನಿ ಟಂಕಗಳಲ್ಲಿಯೂ ಅಂಚಿನ ಬರಹದಲ್ಲಿ ಅಹ್ಸನಾಬಾದ್ ಎಂಬ ಕಲಬುರಗಿಯ ಹೆಸರು ಮತ್ತು ಹಿಜರಿ ವರ್ಷ ಪೂರ್ತಿ ಓದಲು ಬರುವಂತಿದ್ದರೆ ಬೆಲೆ ಹೆಚ್ಚು. ಅದು ಅಂಚಿನಾಚೆಗೆ ಜಾರಿಹೋಗಿದ್ದರೆ ಕಡಿಮೆ. ವಿಜಯನಗರದ ವರಾಹ ಸುಮಾರು 3.4 ಗ್ರಾಂ ತೂಗುವ ಪುಟ್ಟ ನಾಣ್ಯ. ಬಾಲಕೃಷ್ಣನ ಚಿತ್ರವಿರುವ ಕೃಷ್ಣದೇವರಾಯನ ವರಾಹ, ಗಂಡಭೇರುಂಡವಿರುವ ಅಚ್ಯುತರಾಯನ ನಾಣ್ಯ, ಇವನ್ನು ಬಯಸುವವರು ಅಧಿಕ. ಗಂಡಭೇರುಂಡ ನಮ್ಮ ರಾಜ್ಯದ ಲಾಂಛನವೂ ಆಗಿರುವುದರಿಂದ ಕನ್ನಡ ಸಂಗ್ರಹಕಾರರಿಗೆ ಅದರ ಮೇಲೆ ವಿಶೇಷ ಮಮತೆ.

ಇನ್ನು ದರ್ಜೆಯ ವಿಚಾರಕ್ಕೆ ಬರುತ್ತೇನೆ. ದರ್ಜೆ ಎಂದರೆ ಟಂಕಸಾಲೆಯಿಂದ ಹೊರಬಿದ್ದ ಕ್ಷಣದಿಂದ ಇಂದಿನವರೆಗೆ ನಾಣ್ಯದ ಮೈ ಎಷ್ಟು ಸವೆದಿದೆ, ಎಷ್ಟು ಗಾಯಗೊಂಡಿದೆ ಎಂಬುದರ ಬಗ್ಗೆ ನುರಿತ ಕಣ್ಣು ಕೊಡುವ ತೀರ್ಪು. ತೂಕವನ್ನು ಅಳೆಯುವಂತೆ ಇದನ್ನು ಅಳೆಯಲಾಗುವುದಿಲ್ಲ. ಇಬ್ಬರು ಪ್ರಾಮಾಣಿಕ ಪರಿಣತರು ಒಂದೇ ನಾಣ್ಯಕ್ಕೆ ಬೇರೆ ಬೇರೆ ದರ್ಜೆ ಕೊಡಬಹುದು. ಜಗತ್ತಿನ ಬಹುಪಾಲು ವ್ಯಾಪಾರ ಇಂದು ನಡೆಯುವುದು 1ರಿಂದ 70ರವರೆಗಿನ ಅಂಕಗಳ ಮೇಲೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ತನ್ನ ದೇಶದ ಹಳೆಯ ದೊಡ್ಡ ಸೆಂಟ್ ನಾಣ್ಯಗಳಿಗಾಗಿ ಈ ಕ್ರಮವನ್ನು ರೂಪಿಸಿದ. 1 ಅಂಕದ ನಾಣ್ಯ ಒಂದು ಡಾಲರಿಗೆ ಸಿಕ್ಕರೆ 70 ಅಂಕದ್ದು ಎಪ್ಪತ್ತು ಡಾಲರ್ ಬಾಳಬೇಕು ಎಂಬುದು ಅವನ ಮೂಲ ಎಣಿಕೆ. ಬೆಲೆಯ ಆ ಅನುಪಾತ ಬೇಗನೆ ಬಿದ್ದುಹೋಯಿತು. ಅಂಕಗಳು ಮಾತ್ರ ಉಳಿದು ಎಲ್ಲ ನಾಣ್ಯಗಳಿಗೂ ಹಬ್ಬಿದವು. 60ರಿಂದ 70ರವರೆಗಿನವು ಚಲಾವಣೆಗೆ ಬರದ ನಾಣ್ಯಗಳು, 50ರಿಂದ 58ರವರೆಗಿನವು ಸವೆತದ ಸುಳಿವಷ್ಟೇ ಇರುವಂಥವು, 40 ಮತ್ತು 45 ಅತ್ಯುತ್ತಮ, 20ರಿಂದ 35ರವರೆಗೆ ಬಹಳ ಚೆನ್ನ ಎನಿಸುವ ಸ್ಥಿತಿ. ನಮ್ಮ ದೇಶದ ನಾಣ್ಯ ವ್ಯಾಪಾರಿಗಳು ಹೆಚ್ಚಾಗಿ ಅಂಕ ಹೇಳದೆ ಯುಎನ್‌ಸಿ ಅಂದರೆ ಚಲಾವಣೆಗೆ ಬರದ್ದು, ಎಕ್ಸ್‌ಎಫ್ ಅಂದರೆ ಅತ್ಯುತ್ತಮ, ವಿಎಫ್ ಅಂದರೆ ಬಹಳ ಚೆನ್ನ ಎಂಬ ಹೆಸರುಗಳಲ್ಲೇ ಮಾತನಾಡುತ್ತಾರೆ.

ಪರಿಣತರು ನೋಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದೇ ದೀಪದ ಕೆಳಗೆ, ಮೆತ್ತನೆಯ ಬಟ್ಟೆ ಹಾಸಿ, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು ನಿಧಾನವಾಗಿ ಓರೆ ಮಾಡುತ್ತಾರೆ. ಅಚ್ಚಿನ ಪೆಟ್ಟು ಬಿದ್ದಾಗ ಲೋಹ ಹರಿದು ಮೂಡಿದ ಅತಿ ಸೂಕ್ಷ್ಮ ಗೆರೆಗಳು ಅಳಿಯದೆ ಇದ್ದರೆ, ಬೆಳಕಿನ ಪಟ್ಟಿಗಳು ಬಂಡಿಯ ಗಾಲಿಯ ಅರಗಳಂತೆ ನಾಣ್ಯದ ಮೇಲೆ ಸುತ್ತುತ್ತವೆ. ಇದನ್ನೇ ಮೂಲ ಹೊಳಪು ಎನ್ನುವುದು. ಪಾಲಿಶ್ ಮಾಡಿದ ನಾಣ್ಯವೂ ಹೊಳೆಯುತ್ತದೆ, ಆದರೆ ಅದರ ಬೆಳಕು ತಿರುಗುವುದಿಲ್ಲ, ಒಂದೇ ಕಡೆ ಚಪ್ಪಟೆಯಾಗಿ ನಿಲ್ಲುತ್ತದೆ. ಹೊಳಪು ನೋಡಿದ ಮೇಲೆ ಚಿತ್ರದ ಅತಿ ಎತ್ತರದ ಭಾಗಗಳಿಗೆ ಕಣ್ಣು ಹೋಗುತ್ತದೆ, ಏಕೆಂದರೆ ಸವೆತ ಶುರುವಾಗುವುದು ಅಲ್ಲಿಂದ. ಗಿನ್ನಿಯಲ್ಲಿ ದೊರೆಯ ಹುಬ್ಬು, ಕೆನ್ನೆ, ಗಡ್ಡದ ಎಳೆಗಳು, ಹಿಂಬದಿಯ ಕುದುರೆಯ ಭುಜ. ಅಶ್ರಫಿಯಲ್ಲಿ ಚಾರ್‌ಮಿನಾರಿನ ಸೂಕ್ಷ್ಮ ಗೆರೆಗಳು ಮತ್ತು ಅದರ ನಡುಬಾಗಿಲಿನಲ್ಲಿರುವ ಉರ್ದು ಅಕ್ಷರ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ನಾಣ್ಯದಲ್ಲಿ ಆ ಬಾಗಿಲಲ್ಲಿ ಐನ್ ಅಕ್ಷರವಿರುತ್ತದೆ, ಅವರ ತಂದೆ ಮಹಬೂಬ್ ಅಲಿ ಖಾನರ ನಾಣ್ಯದಲ್ಲಿ ಮೀಮ್ ಇರುತ್ತದೆ. ಚೀಲದಲ್ಲಿ ಬೇರೆ ನಾಣ್ಯಗಳಿಗೆ ತಗುಲಿ ಆದ ಸಣ್ಣ ಕಚ್ಚುಗಳೂ ಅಂಕವನ್ನು ಇಳಿಸುತ್ತವೆ. ಚಿನ್ನ ಮೃದುವಾದ ಲೋಹವಾದ್ದರಿಂದ ಒಮ್ಮೆಯೂ ಚಲಾವಣೆಯಾಗದ ಗಿನ್ನಿಗೂ ಇಂಥ ಕಚ್ಚುಗಳು ಇರುವುದು ಸಾಮಾನ್ಯ.

ಯಂತ್ರದಲ್ಲಿ ತಯಾರಾದ ನಾಣ್ಯಕ್ಕೆ ಹೊಂದುವ ಈ ಅಂಕಗಳನ್ನು ಸುತ್ತಿಗೆಯ ಪೆಟ್ಟಿನಿಂದ ಕೈಯಲ್ಲಿ ಟಂಕಿಸಿದ ವರಾಹಕ್ಕೋ ಗದ್ಯಾಣವೆಂಬ ಹಳೆಯ ಚಿನ್ನದ ನಾಣ್ಯಕ್ಕೋ ಹಾಗೆಯೇ ಹಚ್ಚುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅಚ್ಚು ನಾಣ್ಯಕ್ಕಿಂತ ದೊಡ್ಡದಾಗಿದ್ದರೆ ಚಿತ್ರ ಪೂರ್ತಿ ಮೂಡುವುದೇ ಇಲ್ಲ; ಒಂದಿಷ್ಟೂ ಸವೆಯದ ನಾಣ್ಯದಲ್ಲೂ ದೇವರ ಮುಖ ಮಸುಕಾಗಿರಬಹುದು, ಏಕೆಂದರೆ ಪೆಟ್ಟು ಅಲ್ಲಿ ಸರಿಯಾಗಿ ಬೀಳಲಿಲ್ಲ. ಇಂಥ ನಾಣ್ಯದಲ್ಲಿ ಚಿತ್ರ ನಡುಮಧ್ಯದಲ್ಲಿ ಬಂದಿದೆಯೇ, ಬಿರುದಿನ ಅಕ್ಷರಗಳು ಎಷ್ಟು ಓದಲು ಬರುತ್ತವೆ, ಅಂಚನ್ನು ಯಾರಾದರೂ ಕೆತ್ತಿ ಚಿನ್ನ ಕದ್ದಿದ್ದಾರೆಯೇ ಎಂಬುದನ್ನು ಅಂಕಕ್ಕಿಂತ ಮುಂಚೆ ನೋಡಬೇಕು.

ದರ್ಜೆಯನ್ನು ಒಂದೇಟಿಗೆ ಕಳೆಯುವ ದೋಷಗಳು ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಆಗುತ್ತವೆ ಎಂಬುದು ನೋವಿನ ಸಂಗತಿ. ಗಿನ್ನಿಗೆ ಕೊಂಡಿ ಬೆಸೆದು ಸರದಲ್ಲಿ ಪೋಣಿಸುತ್ತಾರೆ. ಮುಂದೆ ಆ ಕೊಂಡಿಯನ್ನು ಎಷ್ಟು ನಯವಾಗಿ ತೆಗೆಸಿದರೂ ಬೆಸುಗೆಯ ಬಿಸಿಗೆ ಬಣ್ಣ ಬದಲಾದ ಗುರುತು ಅಂಚಿನಲ್ಲಿ ಉಳಿಯುತ್ತದೆ. ನಮ್ಮ ಭಾಗದ ಪುತಳಿ ಸರವೇ ಇದಕ್ಕೆ ದೊಡ್ಡ ನಿದರ್ಶನ. ವೆನಿಸ್ ನಗರದ 3.5 ಗ್ರಾಂ ತೂಕದ, ಹೆಚ್ಚುಕಡಿಮೆ ಅಪ್ಪಟ ಚಿನ್ನದ ಡ್ಯೂಕಾಟ್ ನಾಣ್ಯಗಳು ವ್ಯಾಪಾರದ ದಾರಿಯಲ್ಲಿ ದಖನ್ನಿಗೆ ಬಂದು ಪುತಳಿಗಳಾದವು; ಅವನ್ನು ನೋಡಿ ಇಲ್ಲಿನ ಕುಶಲಕರ್ಮಿಗಳು ಅನುಕರಣೆಗಳನ್ನು ಮಾಡಿದರು. ಅನುಕರಣೆಯಲ್ಲಿ ಲ್ಯಾಟಿನ್ ಬರಹ ಓದಲಾಗದ ಗೆರೆಗಳಾಗಿಬಿಟ್ಟಿರುತ್ತದೆ, ಮನುಷ್ಯಾಕೃತಿಗಳು ಕಡ್ಡಿಗಳಂತಾಗಿರುತ್ತವೆ. ಅಜ್ಜಿಯ ಪುತಳಿ ಸರದಲ್ಲಿ ಅನುಕರಣೆಗಳ ನಡುವೆ ಒಂದೆರಡು ನಿಜವಾದ ಡ್ಯೂಕಾಟುಗಳು ಸೇರಿರುವ ಸಾಧ್ಯತೆ ಇದೆ. ಸರವನ್ನು ಮುರಿಸುವ ಮುನ್ನ ಬರಹ ನೋಡುವುದು ಒಳ್ಳೆಯದು. ದೀಪಾವಳಿಯ ಲಕ್ಷ್ಮೀಪೂಜೆಗೆಂದು ಹುಣಸೆಹಣ್ಣು, ಅಂಟವಾಳ ಹಚ್ಚಿ ಬ್ರಷ್‌ನಿಂದ ಉಜ್ಜುವುದು ಇನ್ನೊಂದು ಅಪಾಯ. ಕಣ್ಣಿಗೆ ಕಾಣದ ಗೀರುಗಳು ಭೂತಗನ್ನಡಿಯಲ್ಲಿ ಎದ್ದು ಕಾಣುತ್ತವೆ, ಮತ್ತು ದರ್ಜೆ ಕೊಡುವ ಸಂಸ್ಥೆಗಳು ಅಂಥ ನಾಣ್ಯಕ್ಕೆ ಅಂಕ ಕೊಡದೆ ಶುಚಿಗೊಳಿಸಿದ್ದು ಎಂದು ಬರೆಯುತ್ತವೆ. ಹಿಂದಿನ ಸರಾಫರು ಚಿನ್ನ ಪರೀಕ್ಷಿಸಿ ಒತ್ತಿದ ಪುಟ್ಟ ಗುರುತುಗಳೂ ಬೆಲೆ ಇಳಿಸುತ್ತವೆ. ಆ ಗುರುತು ನಾಣ್ಯ ನಡೆದ ದಾರಿಯ ದಾಖಲೆಯೆಂದು ನಾನು ಗೌರವಿಸುತ್ತೇನೆ, ಆದರೆ ಪೇಟೆ ಹಾಗೆ ಎಣಿಸುವುದಿಲ್ಲ.

ನಕಲಿಯ ವಿಷಯದಲ್ಲಿ ಒಂದು ಎಚ್ಚರಿಕೆ. ನಕಲಿ ಎಂದರೆ ಚಿನ್ನ ಕಡಿಮೆ ಇರುವುದು ಎಂದೇ ತಿಳಿಯಬಾರದು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬೈರೂತಿನಲ್ಲಿ ಪೂರ್ತಿ ಚಿನ್ನದ ಗಿನ್ನಿಗಳನ್ನೇ ನಕಲಿಯಾಗಿ ತಯಾರಿಸಿದರು. ಅಂಥ ನಾಣ್ಯ ಒರೆಗಲ್ಲಿನ ಪರೀಕ್ಷೆಯನ್ನು ದಾಟುತ್ತದೆ, ಸಂಗ್ರಹಕಾರನ ಪರೀಕ್ಷೆಯನ್ನು ದಾಟುವುದಿಲ್ಲ. 22 ಕ್ಯಾರೆಟ್ ಚಿನ್ನ ನೀರಿಗಿಂತ ಸುಮಾರು ಹದಿನೇಳೂವರೆ ಪಟ್ಟಿಗೂ ಹೆಚ್ಚು ಭಾರ. ಸೂಕ್ಷ್ಮ ತಕ್ಕಡಿ, ಒಂದು ಲೋಟ ನೀರು, ದಾರ ಇದ್ದರೆ ನಾಣ್ಯಕ್ಕೆ ಗಾಯವಾಗದಂತೆ ಇದನ್ನು ಪರೀಕ್ಷಿಸಬಹುದು. ಒರೆಗಲ್ಲಿಗೆ ತಿಕ್ಕಿದರೆ ಅಂಚಿಗೆ ಗಾಯವಾಗುತ್ತದೆ. ಟಂಕಸಾಲೆಗಳು ಹಳೆಯ ಇಸವಿಯ ನಾಣ್ಯಗಳನ್ನು ಸಂಗ್ರಹಕಾರರಿಗಾಗಿ ಮುಂದೆ ಮತ್ತೆ ಮುದ್ರಿಸಿದ್ದೂ ಉಂಟು. ಅವು ನಕಲಿಯಲ್ಲ, ಆದರೆ ಮೂಲ ನಾಣ್ಯದ ಬೆಲೆಯನ್ನು ಅವಕ್ಕೆ ಕೊಡಬಾರದು.

ಅಮೆರಿಕದ ಪಿಸಿಜಿಎಸ್ ಮತ್ತು ಎನ್‌ಜಿಸಿ ಎಂಬ ಸಂಸ್ಥೆಗಳು 1980ರ ದಶಕದಿಂದ ನಾಣ್ಯವನ್ನು ಪರೀಕ್ಷಿಸಿ, ಅಂಕ ಬರೆದು, ಒಡೆಯದೆ ತೆರೆಯಲಾಗದ ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಿವೆ. ದೂರದಲ್ಲಿದ್ದು ಚಿತ್ರ ನೋಡಿ ಕೊಳ್ಳುವವರಿಗೆ ಇದರಿಂದ ಧೈರ್ಯ ಬರುತ್ತದೆ. ಆದರೆ ದರ್ಜೆಗಾಗಿ ನಾಣ್ಯವನ್ನು ಹೊರದೇಶಕ್ಕೆ ಕಳುಹಿಸಬೇಕೆಂದರೆ ಕಾನೂನಿನ ಮಾತು ಬರುತ್ತದೆ. ಪುರಾತನ ವಸ್ತುಗಳ 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿ ವ್ಯಕ್ತಿ ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. 1918ರ ಗಿನ್ನಿ ಈಗಾಗಲೇ ಆ ಮಿತಿಯನ್ನು ದಾಟಿದೆ. ಹೊಲ ಉಳುವಾಗ, ಮನೆಯ ಪಾಯ ತೋಡುವಾಗ ಸಿಕ್ಕ ನಾಣ್ಯದ ವಿಷಯ ಬೇರೆ: ಅದು ನಿಧಿ, ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಮಾರುವಂತಿಲ್ಲ. ಹಾಗೆ ತಿಳಿಸಿದಾಗ ಸಿಗುವ ಲಾಭ ಇಡೀ ನಾಡಿನದು, ಏಕೆಂದರೆ ಒಂದೇ ಗಡಿಗೆಯಲ್ಲಿ ಯಾವ ಯಾವ ನಾಣ್ಯಗಳು ಜೊತೆಯಾಗಿ ಇದ್ದವು ಎಂಬುದರಿಂದಲೇ ಇತಿಹಾಸಕಾರರು ಕಾಲವನ್ನು ಗೊತ್ತುಮಾಡುತ್ತಾರೆ.

ಮನೆತನದಿಂದ ಬಂದ ನಾಣ್ಯವನ್ನು ಮಾರಲೇಬೇಕಾದರೆ ಮೊದಲು ಅದರ ಎರಡೂ ಬದಿಯ ಮತ್ತು ಅಂಚಿನ ಚಿತ್ರ ತೆಗೆದು, ತೂಕ ಮತ್ತು ಅಡ್ಡಳತೆ ಬರೆದಿಡಿ. ಅಂಗಡಿಯಲ್ಲಿ ಲೋಹದ ಬೆಲೆಯನ್ನು ಕೇಳಿಕೊಂಡು, ಮಾರದೆ ಹಿಂದಿರುಗಿ, ಪರವಾನಗಿ ಇರುವ ಒಬ್ಬರಿಗಿಂತ ಹೆಚ್ಚು ನಾಣ್ಯ ವ್ಯಾಪಾರಿಗಳ ಅಭಿಪ್ರಾಯ ಪಡೆಯಿರಿ. ಹರಾಜಿನಲ್ಲಿ ಹಿಂದೆ ಅದೇ ಬಗೆಯ, ಅದೇ ದರ್ಜೆಯ ನಾಣ್ಯ ಎಷ್ಟಕ್ಕೆ ಹೋಗಿದೆ ಎಂಬುದನ್ನು ನೋಡುವಾಗ, ಆ ಮೊತ್ತದಲ್ಲಿ ಕೊಂಡವರು ಕೊಟ್ಟ ಕಮಿಷನ್ ಸೇರಿದೆಯೇ, ಮಾರಿದವರಿಂದ ಬೇರೆ ಕಮಿಷನ್ ಹಿಡಿಯುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಪಟ್ಟಿಯಲ್ಲಿ ಅಚ್ಚಾಗುವ ಮೊತ್ತ ಮತ್ತು ಮಾರಿದವರ ಕೈಗೆ ಬರುವ ಮೊತ್ತ ಒಂದೇ ಆಗಿರುವುದಿಲ್ಲ. ನಮಸ್ಕಾರ.