ಒಂದು ಸಾಲು ಬರೆಯಲು ಎಷ್ಟು ಹೊತ್ತು?

ಕೇಳುಗರೇ, ನಮಸ್ಕಾರ.

ಬಸ್ಸಿನಿಂದ ಇಳಿಯುತ್ತಿದ್ದೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಫೋನು. ಅಪ್ಪನ ರಕ್ತಪರೀಕ್ಷೆಯ ರಿಪೋರ್ಟನ್ನು ಡಾಕ್ಟರಿಗೆ ಕಳಿಸಬೇಕು ಅಂತ ಆಗ ನೆನಪಾಯಿತು. ಬರೆದಿಡೋಣ ಅಂತ ಕೆಲಸದ ಪಟ್ಟಿಯ ಆ್ಯಪ್ ತೆರೆದೆ. ಯಾವ ಪಟ್ಟಿಗೆ ಸೇರಿಸಲಿ, ಎಷ್ಟು ಮುಖ್ಯ, ಯಾವ ಬಣ್ಣ ಅಂತ ಅದು ಒಂದೊಂದಾಗಿ ಕೇಳತೊಡಗಿತು. ಅಷ್ಟರಲ್ಲಿ ಪರಿಚಯದವರು ಎದುರಾದರು, ಮಾತಿಗೆ ನಿಂತೆ. ರಿಪೋರ್ಟಿನ ವಿಷಯ ಮತ್ತೆ ತಲೆಗೆ ಬಂದದ್ದು ರಾತ್ರಿ, ದೀಪ ಆರಿಸಿದ ಮೇಲೆ.

ಅಂದಿನಿಂದ, ಯಾವ ಆ್ಯಪ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಅದರಲ್ಲಿ ಒಂದು ಸಾಲು ಬರೆದು ಮುಗಿಸಲು ಎಷ್ಟು ಹೊತ್ತು ಬೇಕು? 5–6 ಸೆಕೆಂಡ್ ಸಾಕಾದರೆ ಸರಿ. ಜಾಸ್ತಿ ಹಿಡಿದರೆ, ಎಷ್ಟೇ ಚೆಂದದ ಆ್ಯಪ್ ಆಗಿರಲಿ, ಸ್ವಲ್ಪ ದಿನಕ್ಕೇ ಬೇಸರ ಬರುತ್ತದೆ. ಫೋನಿನ ಮುಖಪುಟದಲ್ಲೇ ಅದರ ವಿಜೆಟ್, ಅಂದರೆ ಆ್ಯಪಿನ ಪುಟ್ಟ ಕಿಟಕಿ, ಇಡಬಹುದೇ ನೋಡಿ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ ನೋಡಿ.

ಇನ್ನು ಮತ್ತೆ ಮತ್ತೆ ಬರುವ ಕೆಲಸಗಳು. ನೀರಿನ ಫಿಲ್ಟರನ್ನು 3 ತಿಂಗಳಿಗೊಮ್ಮೆ ಬದಲಿಸಬೇಕು ಅಂತಿಟ್ಟುಕೊಳ್ಳಿ. 1ನೇ ತಾರೀಕಿಗೆ ಆಗಬೇಕಿದ್ದನ್ನು ನೀವು 20ಕ್ಕೆ ಮಾಡಿದಿರಿ. ಮುಂದಿನ 3 ತಿಂಗಳನ್ನು ಎಲ್ಲಿಂದ ಎಣಿಸಬೇಕು? 20ರಿಂದ ತಾನೆ? ಆದರೆ ಮನೆ ಬಾಡಿಗೆ ಹಾಗಲ್ಲ, ಅದಕ್ಕೆ ತಾರೀಕೇ ಮುಖ್ಯ. ಈ ಎರಡೂ ಲೆಕ್ಕ ಬರುವ ಆ್ಯಪ್ ಬೇಕು. ಟುಡೂಯಿಸ್ಟ್ ಅನ್ನುವ ಆ್ಯಪ್‌ನಲ್ಲಿ ಕೆಲಸ ಬರೆಯುವಾಗ ಇಂಗ್ಲಿಷಿನ ಎವ್ರಿ ಪದಕ್ಕೆ ಆಶ್ಚರ್ಯಸೂಚಕ ಚಿಹ್ನೆ ಅಂಟಿಸಿದರೆ ಸಾಕು, ಮುಗಿಸಿದ ದಿನದಿಂದ ಎಣಿಸುತ್ತದೆ. ಸಣ್ಣ ಸಂಗತಿ, ಆದರೆ ಮನೆ ನಡೆಸುವವರಿಗೆ ಇದರಿಂದ ಎಷ್ಟು ನೆಮ್ಮದಿ ಗೊತ್ತಾ?

ಹಳೆಯ ಬಾಕಿ ಕೆಲಸ ಕಂಡರೆ ಎದೆ ಭಾರವಾಗುವವರಿಗೆ ಮೈಕ್ರೋಸಾಫ್ಟ್ ಟು ಡು ಅನ್ನುವ ಆ್ಯಪ್ ಹೊಂದಬಹುದು. ಅದರ ಮೈ ಡೇ ಪುಟ ದಿನ ಬದಲಾದಂತೆ ಖಾಲಿಯಾಗುತ್ತದೆ. ಮುಗಿಯದ ಕೆಲಸ ತನ್ನ ಪಟ್ಟಿಯಲ್ಲಿ ಹಾಗೇ ಇರುತ್ತದೆ. ಇವತ್ತು ಆಗುವಷ್ಟನ್ನು ಮಾತ್ರ ನೀವು ಆರಿಸಿ ತಂದುಕೊಳ್ಳಬಹುದು.

ಪಟ್ಟಿಯನ್ನು ಹೊರಗೆ ತೆಗೆಯುವ ದಾರಿಯನ್ನೂ ಮೊದಲೇ ನೋಡಿಕೊಳ್ಳಿ. ವಂಡರ್‌ಲಿಸ್ಟ್ ಅಂತ ಎಷ್ಟೋ ಜನ ಮೆಚ್ಚಿದ ಆ್ಯಪ್ ಇತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು, 2020ರ ಮೇ 6ಕ್ಕೆ ಅದು ನಿಂತೇ ಹೋಯಿತು. ವರ್ಷಗಟ್ಟಲೆ ಬರೆದಿಟ್ಟದ್ದನ್ನು ಜನ ಬೇರೆ ಕಡೆಗೆ ಸಾಗಿಸಿಕೊಳ್ಳಬೇಕಾಯಿತು.

ಕೊನೆಯದಾಗಿ, ನೆನಪಿಸುವ ಗಂಟೆ. ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. 4 ಗಂಟೆಗೆ ನೆನಪಿಸು ಅಂತ ಆ್ಯಪಿನಲ್ಲಿ ಹಾಕಿದ್ದೆ. ಫೋನು ಸದ್ದೇ ಮಾಡಲಿಲ್ಲ. 5ಕ್ಕೆ ಮನೆ ತಲುಪಿದಾಗ ಅಮ್ಮ ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದರು, ಹಳೇ ಚೀಟಿ ಮಡಿಲಲ್ಲಿತ್ತು. ಒಂದು ಮಾತೂ ಆಡಲಿಲ್ಲ. ಆಮೇಲೆ ತಿಳಿಯಿತು, ಬ್ಯಾಟರಿ ಉಳಿಸಲು ಫೋನೇ ಆ ಆ್ಯಪನ್ನು ಮಲಗಿಸಿತ್ತು. ಸೆಟ್ಟಿಂಗ್ಸಿನ ಬ್ಯಾಟರಿ ಭಾಗಕ್ಕೆ ಹೋಗಿ, ಈ ಒಂದು ಆ್ಯಪಿಗೆ ತಡೆ ಬೇಡ ಅಂತ ಆರಿಸಬೇಕು.

ಹಾಗಾಗಿ ಇವತ್ತು ಯಾವುದೇ ಆ್ಯಪ್ ಹಾಕಿಕೊಂಡರೂ, ನಾಳೆ ಬೆಳಿಗ್ಗೆ 7ಕ್ಕೆ ಸುಮ್ನೆ ಒಂದು ನೆನಪು ಇಟ್ಟು ಮಲಗಿ. ಗಂಟೆ ಬಾರಿಸಿದರೆ ಮಾತ್ರ ಅಮ್ಮನ ಕೆಲಸವನ್ನು ಅದಕ್ಕೆ ಒಪ್ಪಿಸಿ.

ನಮಸ್ಕಾರ.